ಸಂಕಲ್ಪದ ಹೊರೆ

ಕುಡಿತವನ್ನು ಬಿಡಿಸುವುದಕ್ಕೆ ನಮ್ಮ ನಾಡಿನ ಜನ ಬಲ್ಲ ಅತ್ಯಂತ ಹಳೆಯ ಉಪಾಯವೆಂದರೆ ಆಣೆ. ಮನೆದೇವರ ಮುಂದೆ ನಿಂತು, ಮಕ್ಕಳ ತಲೆಯ ಮೇಲೆ ಕೈಯಿರಿಸಿ, 'ಇನ್ನು ಮುಟ್ಟುವವನಲ್ಲ' ಎಂದು ನುಡಿದವನು ಆ ನುಡಿಯ ಬಲದಿಂದಲೇ ದಡ ಸೇರಿಯಾನೆಂಬ ನಂಬಿಕೆ ನಮ್ಮಲ್ಲಿ ಎಷ್ಟು ಆಳಕ್ಕೆ ಬೇರುಬಿಟ್ಟಿದೆಯೆಂಬುದಕ್ಕೆ ಇಳಕಲ್ಲಿನ ಮಠದ ಮಹಾಂತ ಶಿವಯೋಗಿಗಳ ಜೋಳಿಗೆಯೇ ಸಾಕ್ಷಿ. ಭಿಕ್ಷೆಗೆಂದು ಹೆಗಲಿಗೇರಿಸಿದ ಜೋಳಿಗೆಯನ್ನು ಚಾಚಿ ಅವರು ಕಾಳನ್ನೂ ಬೇಡದೆ ಕಾಸನ್ನೂ ಬೇಡದೆ ಜನರ ದುಶ್ಚಟಗಳನ್ನೇ ಬೇಡುತ್ತ ಊರೂರು ತಿರುಗಿದರು. ಅವರು ಹುಟ್ಟಿದ ಆಗಸ್ಟ್ 1ನೆಯ ದಿನವನ್ನು ಕರ್ನಾಟಕ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ಒಬ್ಬನ ಆಣೆಗೆ ಹತ್ತು ಜನರ ಸಾಕ್ಷ್ಯವೂ ಸಾಂಗತ್ಯವೂ ಕೂಡಿದರೆ ಅದೇ ಕೂಟವಾಗುತ್ತದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ನಡೆಸುವ ಮದ್ಯವರ್ಜನ ಶಿಬಿರಗಳಿಂದ ಹೊರಬಂದವರು ನವಜೀವನ ಸಮಿತಿಗಳೆಂದು ತಮ್ಮತಮ್ಮ ಊರುಗಳಲ್ಲಿ ಕೂಡುವುದು ಹೀಗೆ. ಅಮೆರಿಕದ ಓಹಾಯೋ ಸಂಸ್ಥಾನದ ಆಕ್ರನ್ ಪಟ್ಟಣದಲ್ಲಿ 1935ರಲ್ಲಿ ಬಿಲ್ ವಿಲ್ಸನ್ ಎಂಬ ಷೇರುಪೇಟೆಯ ಮನುಷ್ಯನೂ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯನೂ, ಇಬ್ಬರೂ ಕುಡಿತದಿಂದ ಬೆಂದವರು, ಒಬ್ಬರಿಗೊಬ್ಬರು ಆತುಕೊಂಡು ಆರಂಭಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘ ಲೋಕದಾದ್ಯಂತ ಹಬ್ಬಿದ್ದೂ ಹೀಗೆಯೇ.

ಇಂಥ ಕೂಟಗಳನ್ನು ಹಗುರಮಾಡಿ ಆಡುವುದು ನನ್ನ ಉದ್ದೇಶವಲ್ಲ. ಹಾಗೆ ಆಡಲು ವಿಜ್ಞಾನವೂ ಅವಕಾಶ ಕೊಡುವುದಿಲ್ಲ. 27 ಅಧ್ಯಯನಗಳನ್ನು ಒಟ್ಟುಗೂಡಿಸಿ, ಹತ್ತು ಸಾವಿರಕ್ಕೂ ಮೇಲ್ಪಟ್ಟ ಜನರ ವೃತ್ತಾಂತವನ್ನು ತೂಗಿನೋಡಿ 2020ರಲ್ಲಿ ಪ್ರಕಟವಾದ ಕಾಕ್ರೇನ್ ಸಂಸ್ಥೆಯ ಪರಾಮರ್ಶೆಯು, ಸಂಪೂರ್ಣ ಮದ್ಯವರ್ಜನೆಯ ಗುರಿಯ ಮಟ್ಟಿಗೆ ಆಲ್ಕೊಹಾಲಿಕ್ಸ್ ಅನಾನಿಮಸ್ಸಿನ ಹನ್ನೆರಡು ಮೆಟ್ಟಿಲಿನ ಮಾರ್ಗವು ಇತರ ಪ್ರಸಿದ್ಧ ಚಿಕಿತ್ಸೆಗಳಿಗೆ ಸರಿಸಮವೆಂದೂ ಕೆಲವೆಡೆ ಮಿಗಿಲೆಂದೂ ತೀರ್ಮಾನಿಸಿದೆ. ಆದರೆ ಕೂಟಕ್ಕೆ ಹೋಗದವರೂ, ಒಂದು ದಿನ ಹೋಗಿ ಮತ್ತೆ ಅತ್ತ ತಲೆಹಾಕದವರೂ, ಹತ್ತು ಜನರೆದುರು ತಮ್ಮ ಮನೆಯ ಮಾತನ್ನು ಬಿಚ್ಚಿಡುವುದಕ್ಕಿಂತ ಸಾಯುವುದೇ ಮೇಲೆನ್ನುವವರೂ ಕೋಟಿಗಟ್ಟಲೆ ಇದ್ದಾರೆ. ಹೆಂಗಸರ ಪಾಲಿಗಂತೂ, ನಮ್ಮ ಸಮಾಜದಲ್ಲಿ, ಆ ಬಾಗಿಲು ತೆರೆದಿದ್ದರೂ ಮುಚ್ಚಿದಂತೆಯೇ. ಇವರೆಲ್ಲರಿಗೂ ನಾವು ಸಾಮಾನ್ಯವಾಗಿ ಹೇಳುವ ಬುದ್ಧಿಮಾತು ಒಂದೇ: 'ಮನಸ್ಸು ಗಟ್ಟಿಮಾಡು.' ಮನಸ್ಸು ಗಟ್ಟಿಯಾಗದೆ ಇರುವುದೇ ರೋಗದ ಲಕ್ಷಣವಾಗಿರುವಾಗ ಅದನ್ನೇ ಔಷಧವಾಗಿ ವಿಧಿಸುವುದು ಎಂಥ ವೈದ್ಯ! ಕಳೆದ ಮುಕ್ಕಾಲು ಶತಮಾನದಲ್ಲಿ ಪ್ರಯೋಗಶಾಲೆಗಳಲ್ಲಿಯೂ ಚಿಕಿತ್ಸಾಲಯಗಳಲ್ಲಿಯೂ ಹೊರಟ ಬೇರೆಬೇರೆ ದಾರಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಅವುಗಳ ಕರ್ತೃಗಳು ಬೇರೆಬೇರೆ ಹಾದಿ ಹಿಡಿದವರಾದರೂ, ಒಂದು ವಿಷಯದಲ್ಲಿ ಅವರದು ಏಕಮತವೆಂಬುದು ಕಂಡುಬರುತ್ತದೆ. ಸಂಕಲ್ಪದ ತಲೆಯ ಮೇಲೆ ನಾವು ಹೊರಿಸಿರುವ ಹೊರೆ ಅದು ತಾಳಲಾರದಷ್ಟು ಭಾರವಾದದ್ದು. ಅದರಲ್ಲಿ ಸ್ವಲ್ಪವನ್ನು ರಕ್ತಕ್ಕೋ ಸ್ಥಳಕ್ಕೋ ನಾಳೆಯ ಒಂದು ಸಣ್ಣ ಲಾಭಕ್ಕೋ ಇನ್ನೊಬ್ಬರ ಪ್ರಶ್ನೆಗೋ ವರ್ಗಾಯಿಸುವುದು ಸಾಧ್ಯ.

ಆ ದಾರಿಗಳನ್ನು ನೋಡುವ ಮುನ್ನ ಒಂದು ಎಚ್ಚರಿಕೆಯನ್ನು ಹೇಳದೆ ಮುಂದುವರಿಯಬಾರದು. ಬಹುಕಾಲ ದಿನವೂ ಮಿತಿಮೀರಿ ಕುಡಿದವನ ಮಿದುಳು, ಮದ್ಯವೆಂಬ ಮಂಕುಬರಿಸುವ ವಸ್ತು ಸದಾ ಇದ್ದೇ ಇರುತ್ತದೆಂದು ಭಾವಿಸಿ, ಅದಕ್ಕೆ ಎದುರಾಗಿ ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡಿರುತ್ತದೆ. ಒಮ್ಮೆಗೇ ಮದ್ಯ ನಿಂತಾಗ ಆ ಉದ್ರೇಕಕ್ಕೆ ಲಗಾಮಿಲ್ಲದಂತಾಗಿ, ಕೆಲವು ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ರಾಹೀನತೆ, ಒಂದೆರಡು ದಿನಗಳಲ್ಲಿ ಕೆಲವರಿಗೆ ಅಪಸ್ಮಾರದಂಥ ಸೆಳವು, ಮೂರನೆಯ ದಿನದ ಸುಮಾರಿಗೆ ಇಲ್ಲದ್ದನ್ನು ಕಂಡು ಹೆದರುವ ಸನ್ನಿ ಇವು ಕಾಣಿಸಿಕೊಳ್ಳುತ್ತವೆ. ಈ ಸನ್ನಿಯಲ್ಲಿ ಜೀವಹೋಗುವುದೂ ಉಂಟು. ವೈದ್ಯರು ಆ ನಾಲ್ಕಾರು ದಿನ ಶಾಮಕ ಔಷಧಗಳನ್ನೂ ಥಯಮಿನ್ ಎಂಬ ಬಿ ಜೀವಸತ್ವವನ್ನೂ ಕೊಟ್ಟು ಕಾಯುತ್ತಾರೆ. ಆದುದರಿಂದ ಕೈನಡುಕ ಹತ್ತಿದ ಕುಡುಕನನ್ನು ಕೋಣೆಯಲ್ಲಿ ಕೂಡಿಹಾಕಿ ಚಟ ಬಿಡಿಸುವ ಮನೆಯವರ ಪೌರುಷ ಅಪಾಯಕರವಾದದ್ದು. ಆದರೆ ಈ ಬಿಡುಗಡೆಯ ವಾರ ಕಳೆದ ಮೇಲೆಯೇ ನಿಜವಾದ ಪ್ರಶ್ನೆ ಏಳುತ್ತದೆ: ದೇಹ ತಿಳಿಯಾದ ಮೇಲೂ ಮನುಷ್ಯ ಏಕೆ ಮರಳಿ ಹೋಗುತ್ತಾನೆ?

ಈ ಪ್ರಶ್ನೆಗೆ ಅತ್ಯಂತ ಅನಿರೀಕ್ಷಿತವಾದ ಉತ್ತರ ಬಂದದ್ದು ಯುದ್ಧಭೂಮಿಯಿಂದ. 1971ರಲ್ಲಿ ವಿಯೆಟ್ನಾಮಿನ ಅಮೆರಿಕನ್ ಸೈನಿಕರಲ್ಲಿ ಹೆರಾಯಿನ್ ಹಬ್ಬಿದೆಯೆಂಬ ಸುದ್ದಿ ವಾಷಿಂಗ್ಟನ್ನಿಗೆ ಮುಟ್ಟಿತು. ಅಲ್ಲಿ ಅದು ಎಷ್ಟು ಅಗ್ಗವಾಗಿಯೂ ಶುದ್ಧವಾಗಿಯೂ ಸಿಕ್ಕುತ್ತಿತ್ತೆಂದರೆ, ಸೂಜಿಯ ಗೋಜಿಲ್ಲದೆ ಸಿಗರೇಟಿನಲ್ಲಿ ತುಂಬಿ ಸೇದಿದರೂ ಅಮಲೇರುತ್ತಿತ್ತು. ಲಕ್ಷಗಟ್ಟಲೆ ವ್ಯಸನಿಗಳು ಹಡಗುವಿಮಾನಗಳಿಂದಿಳಿದು ಅಮೆರಿಕದ ಬೀದಿಗಳಲ್ಲಿ ತುಂಬುವ ಭಯದಿಂದ ಅಧ್ಯಕ್ಷ ನಿಕ್ಸನ್‌ನ ಸರ್ಕಾರ, ಮೂತ್ರಪರೀಕ್ಷೆಯಲ್ಲಿ ತೇರ್ಗಡೆಯಾಗದ ಹೊರತು ಯಾವ ಸೈನಿಕನೂ ಊರಿಗೆ ಹೊರಡುವ ವಿಮಾನ ಹತ್ತಕೂಡದೆಂಬ ನಿಯಮವನ್ನು ತಂದಿತು. ತಪ್ಪಿದವನು ಅಲ್ಲಿಯೇ ಉಳಿದು ಅಮಲಿಳಿಸಿಕೊಳ್ಳಬೇಕು. ಹೀಗೆ ಮರಳಿದವರ ಪೈಕಿ ಸುಮಾರು 900 ಮಂದಿಯನ್ನು ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಲೀ ರಾಬಿನ್ಸ್ ಎಂಬ ಸಮಾಜವಿಜ್ಞಾನಿ ಹುಡುಕಿಸಿ ಮಾತನಾಡಿಸಿದಳು. ವಿಯೆಟ್ನಾಮಿನಲ್ಲಿ ತಮಗೆ ಚಟ ಹತ್ತಿತ್ತೆಂದು ಒಪ್ಪಿಕೊಂಡವರು ಐದರಲ್ಲೊಬ್ಬರು. ಇವರಲ್ಲಿ ಊರು ಸೇರಿದ ಮೊದಲ ವರ್ಷದಲ್ಲಿ ಮತ್ತೆ ಚಟಕ್ಕೆ ಬಿದ್ದವರು ನೂರಕ್ಕೆ 5. ಮೂರು ವರ್ಷಗಳ ಲೆಕ್ಕದಲ್ಲಿ ನೂರಕ್ಕೆ 12. ಇನ್ನೂ ಆಶ್ಚರ್ಯವೆಂದರೆ, ಇವರಲ್ಲಿ ಅರ್ಧದಷ್ಟು ಮಂದಿ ಊರಿನಲ್ಲಿ ಒಮ್ಮೆಯಾದರೂ ಹೆರಾಯಿನನ್ನು ಮುಟ್ಟಿದ್ದರು, ಮುಟ್ಟಿಯೂ ಸಿಕ್ಕಿಬೀಳಲಿಲ್ಲ. ಬಹುಪಾಲು ಜನಕ್ಕೆ ಯಾವ ಚಿಕಿತ್ಸೆಯೂ ದೊರೆತಿರಲಿಲ್ಲ, ಯಾವ ಕೂಟಕ್ಕೂ ಅವರು ಹೋಗಿರಲಿಲ್ಲ. ಆ ಕಾಲದ ವೈದ್ಯಕೀಯ ಗ್ರಂಥಗಳ ಪ್ರಕಾರ ಅಮೆರಿಕದ ನಗರಗಳಲ್ಲಿಯೇ ಚಟ ಹತ್ತಿಸಿಕೊಂಡು ಚಿಕಿತ್ಸೆ ಪಡೆದವರಲ್ಲಿ ಹೆಚ್ಚಿನವರು ಮರಳಿ ಬೀಳುತ್ತಿದ್ದರು. ಆದುದರಿಂದ ರಾಬಿನ್ಸಳ ವರದಿಯನ್ನು ಅನೇಕರು ನಂಬಲೇ ಇಲ್ಲ.

ಇಲ್ಲಿ ನಡೆದದ್ದೇನು? ಸೇದಿದ ಗುಡಾರ, ಸೇದಿಸಿದ ಗೆಳೆಯ, ಹಗಲೆಲ್ಲ ಬೇಸರ ರಾತ್ರಿಯೆಲ್ಲ ಭಯ ಎಂಬ ಆ ಬಾಳು ಇವೆಲ್ಲ ಒಂದು ಸಾಗರದಾಚೆ ಉಳಿದುವು. ಸ್ಥಳವು ಮನಸ್ಸನ್ನು ಮಾತ್ರವಲ್ಲದೆ ದೇಹವನ್ನೂ ಆಳುತ್ತದೆಂಬುದನ್ನು ಕೆನಡದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಶೆಪರ್ಡ್ ಸೀಗಲ್ 1982ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಸ್ಪಷ್ಟಪಡಿಸಿತು. ಮತ್ತೆಮತ್ತೆ ಹೆರಾಯಿನ್ ಚುಚ್ಚಿಸಿಕೊಂಡು ಒಗ್ಗಿಹೋದ ಇಲಿಗಳಿಗೆ ಕೊನೆಗೊಂದು ದಿನ ಮಾರಕವೆನ್ನಬಹುದಾದ ದೊಡ್ಡ ಪ್ರಮಾಣವನ್ನು ಕೊಟ್ಟಾಗ, ನಿತ್ಯದ ಕೋಣೆಯಲ್ಲಿಯೇ ಅದನ್ನು ಪಡೆದವುಗಳಲ್ಲಿ ನೂರಕ್ಕೆ 32 ಸತ್ತರೆ, ಬೇರೆ ಕೋಣೆಯಲ್ಲಿ ಅಷ್ಟನ್ನೇ ಪಡೆದವುಗಳಲ್ಲಿ ನೂರಕ್ಕೆ 64 ಸತ್ತುವು. ಔಷಧ ಅದೇ, ಪ್ರಮಾಣ ಅದೇ, ಬದಲಾದದ್ದು ಕೋಣೆ ಮಾತ್ರ. ಪರಿಚಿತವಾದ ಕೋಣೆಯನ್ನು ಕಂಡೊಡನೆ ಶರೀರವು ಬರಲಿರುವ ವಿಷಕ್ಕೆ ಪ್ರತಿಯಾಗಿ ಮೊದಲೇ ಸಜ್ಜಾಗುತ್ತದೆ. ವಿಷ ಬಾರದೆ ಸಜ್ಜು ಮಾತ್ರ ಆದಾಗ ಆ ಸಜ್ಜೇ ನಡುಕವಾಗಿ ಹಂಬಲವಾಗಿ ಕಾಡುತ್ತದೆ. ಆರು ತಿಂಗಳು ಬಿಟ್ಟಿದ್ದವನು ಹಳೆಯ ಗಡಂಗಿನ ತಿರುವಿಗೆ ಬಂದಾಗ ಬಾಯಲ್ಲಿ ನೀರೂರಿ ಎದೆ ಹೊಡೆದುಕೊಳ್ಳುವುದನ್ನು ಅವನ ಹೆಂಡತಿ ದುರ್ಬಲ ಮನಸ್ಸೆಂದು ತಿಳಿಯುತ್ತಾಳೆ. ಅದರಲ್ಲಿ ಬಹುಪಾಲು ಆ ತಿರುವಿನದೇ. ಇನ್ನೊಂದು ಮಾತೂ ಈ ಇಲಿಗಳಿಂದ ತಿಳಿಯುತ್ತದೆ: ಒಗ್ಗಿಕೆ ಕಳೆದುಕೊಂಡವನು, ಅಥವಾ ಅಪರಿಚಿತ ಜಾಗಕ್ಕೆ ಹೋದವನು, ಹಳೆಯ ಲೆಕ್ಕದಲ್ಲಿಯೇ ಚುಚ್ಚಿಕೊಂಡರೆ ಸಾಯುವ ಸಂಭವ ಹೆಚ್ಚು.

ಎಲ್ಲರನ್ನೂ ಸಾಗರ ದಾಟಿಸುವುದು ಆಗದ ಮಾತು. ಹಾಗಾದರೆ ರಕ್ತದಲ್ಲಿಯೇ ಒಂದು ಕಾವಲನ್ನು ಇಡಬಹುದೆ? ಇಟ್ಟ ಕಥೆ ಸ್ವಾರಸ್ಯವಾದದ್ದು. 1937ರಲ್ಲಿ ಅಮೆರಿಕದ ರಾಸಾಯನಿಕ ಕಾರ್ಖಾನೆಯೊಂದರ ವೈದ್ಯ ವಿಲಿಯಮ್ಸ್ ಎಂಬಾತ, ರಬ್ಬರನ್ನು ಹದಗೊಳಿಸುವುದಕ್ಕೆ ಬಳಸುವ ಒಂದು ಗಂಧಕದ ಸಂಯುಕ್ತವನ್ನು ತಯಾರಿಸುವ ಕೂಲಿಗಳು ಬಿಯರನ್ನೂ ಕುಡಿಯಲಾರದವರಾಗಿರುವುದನ್ನು ಗಮನಿಸಿ, ಇದರಲ್ಲಿ ಕುಡಿತಕ್ಕೆ ಮದ್ದಿರಬಹುದೆ ಎಂದು ಬರೆದುಬಿಟ್ಟು ಸುಮ್ಮನಾದ. ಸುಮಾರು ಹತ್ತು ವರ್ಷಗಳ ಅನಂತರ ಕೋಪನ್‌ಹೇಗನ್ನಿನಲ್ಲಿ ಎರಿಕ್ ಯಾಕೊಬ್ಸೆನ್ ಮತ್ತು ಯೆನ್ಸ್ ಹಾಲ್ಡ್ ಎಂಬಿಬ್ಬರು ಅದೇ ಕುಲದ ಡೈಸಲ್ಫಿರಮ್ ಎಂಬ ವಸ್ತುವನ್ನು ಹೊಟ್ಟೆಯ ಜಂತುಹುಳುಗಳಿಗೆ ಮದ್ದಾದೀತೆಂದು ಪರೀಕ್ಷಿಸುತ್ತಿದ್ದರು. ಪರರಿಗೆ ಕೊಡುವ ಮೊದಲು ತಾವು ನುಂಗಿ ನೋಡುವುದು ಅವರ ರೂಢಿ. ನುಂಗಿದ ದಿನಗಳಲ್ಲಿ ಊಟದ ಜೊತೆಗೆ ಬಿಯರ್ ಕುಡಿದಾಗಲೆಲ್ಲ ಮುಖ ಕೆಂಪೇರಿ, ಎದೆ ಡವಗುಟ್ಟಿ, ತಲೆ ಸಿಡಿದು, ವಾಕರಿಕೆ ಬರುವುದನ್ನು ಕಂಡು ಅವರು ಕಾರಣವನ್ನು ಬೆನ್ನಟ್ಟಿದರು. ಮದ್ಯವು ಯಕೃತ್ತಿನಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗುತ್ತದೆ. ಆ ವಿಷವನ್ನು ಇನ್ನೊಂದು ಕಿಣ್ವ ಕೂಡಲೇ ನಿರುಪದ್ರವಿಯಾದ ಅಸಿಟೇಟಾಗಿ ಮಾರ್ಪಡಿಸುತ್ತದೆ. ಡೈಸಲ್ಫಿರಮ್ ಕಟ್ಟಿಹಾಕುವುದು ಈ ಎರಡನೆಯ ಕಿಣ್ವವನ್ನು. ಕಟ್ಟಿದ ಕಿಣ್ವ ಬಿಡಿಸಿಕೊಳ್ಳುವುದಿಲ್ಲ; ಯಕೃತ್ತು ಹೊಸತನ್ನು ತಯಾರಿಸಿಕೊಳ್ಳಬೇಕು; ಆದುದರಿಂದ ಕೊನೆಯ ಮಾತ್ರೆ ನುಂಗಿ ಹಲವು ದಿನಗಳಾದರೂ ಕಾವಲು ಇದ್ದೇ ಇರುತ್ತದೆ. 1948ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಆಂಟಬ್ಯೂಸ್ ಎಂಬ ಹೆಸರಿನಿಂದ ಲೋಕದ ಔಷಧದಂಗಡಿಗಳಿಗೆಲ್ಲ ಬಂತು.

ಈ ಮಾತ್ರೆಯ ಸೊಗಸೇನೆಂದರೆ, ಗಳಿಗೆಗಳಿಗೆಗೂ 'ಕುಡಿಯಲೆ, ಬೇಡವೆ' ಎಂದು ಹೊಯ್ದಾಡಬೇಕಾದ ಮನಸ್ಸಿಗೆ ಆ ಹೊಯ್ದಾಟವನ್ನು ದಿನಕ್ಕೊಮ್ಮೆ, ಮನಸ್ಸು ತಿಳಿಯಾಗಿರುವ ಬೆಳಗಿನ ಹೊತ್ತಿಗೆ, ಮುಗಿಸಿಬಿಡುವ ಅವಕಾಶ ದೊರೆಯುವುದು. ಆದರೆ ಹೊಲಕ್ಕೆ ಬೇಲಿ ಹಾಕಿದ ಮಾತ್ರಕ್ಕೆ ದನದ ಹಸಿವು ಹೋಗುವುದಿಲ್ಲ. ಬೆಳಗಿನ ಮಾತ್ರೆಯನ್ನೇ ನುಂಗದಿದ್ದರಾಯಿತು! ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ 605 ಮಂದಿಯ ಮೇಲೆ ನಡೆಸಿ 1986ರಲ್ಲಿ ಪ್ರಕಟಿಸಿದ ದೊಡ್ಡ ಪರೀಕ್ಷೆಯಲ್ಲಿ ಮಾತ್ರೆಯನ್ನು ನಿಯಮದಂತೆ ನುಂಗಿದವರು ಸುಮಾರು ಐದರಲ್ಲೊಂದು ಪಾಲು ಮಾತ್ರ. ಪೂರ್ಣವಾಗಿ ಬಿಟ್ಟವರ ಸಂಖ್ಯೆಯಲ್ಲಿ ಮಾತ್ರೆಯ ಗುಂಪಿಗೂ ಇತರರಿಗೂ ಭೇದ ಕಾಣಲಿಲ್ಲ. ಹೆಂಡತಿಯೋ ದಾದಿಯೋ ಎದುರಿಗೆ ನಿಂತು ನುಂಗಿಸಿದಾಗ ಫಲ ಮೇಲಾಗಿರುವುದನ್ನು ಬೇರೆ ಅಧ್ಯಯನಗಳು ತೋರಿಸಿವೆ. ಅಂದರೆ ಮಾತ್ರೆಯಷ್ಟೇ ಮುಖ್ಯವಾದದ್ದು ಅದನ್ನು ನೀಡುವ ಕೈ. ನಮ್ಮಲ್ಲಿ ಅನೇಕ ಮನೆಗಳಲ್ಲಿ ಈ ಕೈ ಮರೆಯಲ್ಲಿ ಕೆಲಸಮಾಡುತ್ತದೆ: ಕುಡಿತ ಬಿಡಿಸುವ ಪುಡಿಯೆಂದು ತಂದದ್ದನ್ನು ಗಂಡನಿಗೆ ತಿಳಿಸದೆ ಸಾರಿಗೋ ಮಜ್ಜಿಗೆಗೋ ಬೆರೆಸಿಬಿಡುವುದು. ಇದು ಕೂಡದು. ತಿಳಿಯದೆ ನುಂಗಿದವನು ಸಂಜೆ ಎಂದಿನಂತೆ ಕಾಲು ಬಾಟಲಿ ಏರಿಸಿದರೆ ರಕ್ತದೊತ್ತಡ ಕುಸಿದು ಹೃದಯವೇ ನಿಂತೀತು.

ಬೇಲಿಯ ಬದಲು ಹಸಿವಿಗೇ ಕೈಹಾಕುವ ಮದ್ದುಗಳೂ ಇವೆ. ನಾಲ್ಟ್ರೆಕ್ಸೋನ್ ಎಂಬುದು ಮಿದುಳಿನಲ್ಲಿ ಅಫೀಮಿನ ಜಾತಿಯ ರಾಸಾಯನಿಕಗಳು ಕೂರುವ ಪೀಠವನ್ನು ತಾನೇ ಆಕ್ರಮಿಸಿಕೊಂಡು, ಕುಡಿದರೂ ಮೊದಲಿನ ಸುಖ ಬಾರದಂತೆ ಮಾಡುತ್ತದೆ. 1994ರಿಂದ ಅಮೆರಿಕದಲ್ಲಿ ಮದ್ಯವ್ಯಸನಕ್ಕೆ ಇದು ಅಂಗೀಕೃತವಾಗಿದೆ. ಅಫೀಮು ಹೆರಾಯಿನ್‌ಗಳ ವಿಷಯದಲ್ಲಿ ಇದಕ್ಕಿಂತ ಹೆಚ್ಚಿನ ಕೆಲಸಮಾಡಿದ್ದು ಇದಕ್ಕೆ ವಿರುದ್ಧವಾದ ಯುಕ್ತಿ. ನ್ಯೂಯಾರ್ಕಿನ ರಾಕಫೆಲರ್ ಸಂಸ್ಥೆಯಲ್ಲಿ ವಿನ್ಸೆಂಟ್ ಡೋಲ್ ಮತ್ತು ಮೇರಿ ನಿಸ್ವಾಂಡರ್ 1964ರಲ್ಲಿ ಹೆರಾಯಿನ್ ವ್ಯಸನಿಗಳಿಗೆ ಮೆಥಡೋನ್ ಎಂಬ ದೀರ್ಘಕಾಲ ನಿಲ್ಲುವ ದ್ರವ್ಯವನ್ನು ದಿನಕ್ಕೊಮ್ಮೆ ಬಾಯಿಯ ಮೂಲಕ ಕೊಡತೊಡಗಿದರು. ಹಂಬಲವೂ ಅಮಲೂ ಎರಡೂ ಇಲ್ಲದ ಒಂದು ಸಮತಳದ ಮೇಲೆ ನಿಂತ ಆ ಜನ, ದಿನಕ್ಕೆ ನಾಲ್ಕು ಬಾರಿ ಬೇಟೆಗೆ ಹೊರಡುವ ಬಾಳಿನಿಂದ ಬಿಡುವು ಪಡೆದು, ಓದು ಉದ್ಯೋಗಗಳ ಮಾತನ್ನಾಡತೊಡಗಿದರು. 'ಒಂದು ಚಟದ ಜಾಗಕ್ಕೆ ಇನ್ನೊಂದನ್ನು ತಂದಿರಲ್ಲ' ಎಂಬ ಆಕ್ಷೇಪಣೆ ಅಂದಿನಿಂದ ಇಂದಿನವರೆಗೂ ನಿಂತಿಲ್ಲ. ನನ್ನ ಎಣಿಕೆಯಲ್ಲಿ ಈ ಆಕ್ಷೇಪಣೆ ವ್ಯಸನದ ನಿಜಸ್ವರೂಪವನ್ನೇ ತಪ್ಪಾಗಿ ತಿಳಿದದ್ದು: ಸಕ್ಕರೆ ಕಾಯಿಲೆಯವನು ನಿತ್ಯವೂ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಯಾರೂ ಚಟವೆನ್ನುವುದಿಲ್ಲವಲ್ಲ, ಬಾಳನ್ನು ತಿಂದುಹಾಕುವುದು ಚಟ, ಬಾಳಗೊಡುವುದು ಔಷಧ. ನಾಲಗೆಯ ಕೆಳಗಿಟ್ಟು ಕರಗಿಸಿಕೊಳ್ಳುವ ಬ್ಯುಪ್ರೆನಾರ್ಫಿನ್ ಇದೇ ತತ್ತ್ವದ್ದು; ಭಾರತದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಅದೇ; ಪಂಜಾಬ್ ಸರ್ಕಾರ 2017ರಿಂದ ಅದಕ್ಕಾಗಿಯೇ ಹೊರರೋಗಿ ಚಿಕಿತ್ಸಾಲಯಗಳನ್ನು ತೆರೆದಿದೆ.

ಆದರೆ ಕೊಕೇನ್ ಮೊದಲಾದ ಉತ್ತೇಜಕಗಳಿಗೆ ಇಂಥ ನಂಬಬಹುದಾದ ಮದ್ದು ಇಂದಿಗೂ ದೊರೆತಿಲ್ಲ. 1980ರ ದಶಕದ ಕೊನೆಯಲ್ಲಿ ಕೊಕೇನ್ ಅಮೆರಿಕದ ಸಣ್ಣ ಊರುಗಳನ್ನೂ ಮುಟ್ಟಿದಾಗ, ವರ್ಮಾಂಟ್ ಸಂಸ್ಥಾನದ ಬರ್ಲಿಂಗ್‌ಟನ್ ಪಟ್ಟಣದಲ್ಲಿ ಸ್ಟೀಫನ್ ಹಿಗಿನ್ಸ್ ಎಂಬ ಮನಶ್ಶಾಸ್ತ್ರಜ್ಞ ಕೈಗೊಂಡ ಉಪಾಯ ಮೊದಲ ನೋಟಕ್ಕೆ ನಗೆ ತರಿಸುವಂಥದು. ವ್ಯಸನಿ ವಾರಕ್ಕೆ ಮೂರು ದಿನ, ಸೋಮವಾರ ಬುಧವಾರ ಶುಕ್ರವಾರ, ಬಂದು ಮೂತ್ರವನ್ನು ಕೊಡಬೇಕು, ಅದರಲ್ಲಿ ಕೊಕೇನಿನ ಸುಳಿವಿಲ್ಲದಿದ್ದರೆ ಅಲ್ಲಿಯೇ ಆಗಲೇ ಅವನ ಖಾತೆಗೆ ಎರಡೂವರೆ ಡಾಲರಿನ ಚೀಟಿಯೊಂದು ಜಮೆಯಾಗುತ್ತದೆ, ಮುಂದಿನ ಸಲವೂ ಶುದ್ಧವಾಗಿದ್ದರೆ ಮೂರು ಮುಕ್ಕಾಲು, ಆಮೇಲೆ ಐದು, ಹೀಗೆ ಪ್ರತಿ ಸಲವೂ ಒಂದೂಕಾಲು ಡಾಲರಿನಂತೆ ಏರುತ್ತ, ಬೆನ್ನುಬೆನ್ನಿಗೆ ಮೂರು ಸಲ ಶುದ್ಧವಿದ್ದರೆ ಮೇಲೆ ಹತ್ತು ಡಾಲರಿನ ಇನಾಮು. ಒಮ್ಮೆ ತಪ್ಪಿದರೆ ಗದರಿಕೆಯಿಲ್ಲ, ಉಪದೇಶವಿಲ್ಲ. ಲೆಕ್ಕ ಮಾತ್ರ ಮರಳಿ ಎರಡೂವರೆಗೆ ಇಳಿಯುತ್ತದೆ. ಹನ್ನೆರಡು ವಾರ ಒಮ್ಮೆಯೂ ತಪ್ಪದವನಿಗೆ ಕೂಡಿ ಬರುವುದು 997 ಡಾಲರು 50 ಸೆಂಟು. ನಗದು ಕೈಗೆ ಕೊಡುವಂತಿಲ್ಲ. ಅವನು ಬಯಸಿದ ವಸ್ತುವನ್ನು, ಮೀನು ಹಿಡಿಯುವ ಪರವಾನಗಿಯನ್ನೋ ಬೈಸಿಕಲ್ಲಿನ ಸಾಮಾನನ್ನೋ ಓದಿನ ಸಾಮಗ್ರಿಯನ್ನೋ, ಚಿಕಿತ್ಸಾಲಯದವರೇ ಕೊಂಡು ತಂದುಕೊಡುತ್ತಾರೆ. ಆ ವಸ್ತುಗಳ ಆಯ್ಕೆಯಲ್ಲಿಯೂ ಒಂದು ಜಾಣತನವಿದೆ: ಮೀನು ಹಿಡಿಯಲು ಹೋದವನು ಅಷ್ಟು ಹೊತ್ತು ಹಳೆಯ ಗೆಳೆಯರ ಮನೆಯಲ್ಲಿ ಇರುವುದಿಲ್ಲ.

1994ರಲ್ಲಿ ಹಿಗಿನ್ಸ್ ಪ್ರಕಟಿಸಿದ ಹೋಲಿಕೆಯಲ್ಲಿ, ಎರಡು ಗುಂಪಿಗೂ ಒಂದೇ ಬಗೆಯ ಸಮಾಲೋಚನೆಯನ್ನು ಕೊಟ್ಟು ಒಂದಕ್ಕೆ ಮಾತ್ರ ಈ ಚೀಟಿಗಳನ್ನು ಸೇರಿಸಿದಾಗ, ಇಪ್ಪತ್ತನಾಲ್ಕು ವಾರದ ಚಿಕಿತ್ಸೆಯನ್ನು ಕೊನೆಮುಟ್ಟಿಸಿದವರು ಚೀಟಿಯ ಗುಂಪಿನಲ್ಲಿ ನೂರಕ್ಕೆ 75, ಇನ್ನೊಂದರಲ್ಲಿ ನೂರಕ್ಕೆ 40. ಸಾವಿರಗಟ್ಟಲೆ ಡಾಲರನ್ನು ಕೊಕೇನಿಗೆ ಸುರಿದವನು, ಕೆಲಸವನ್ನೂ ಹೆಂಡತಿಯನ್ನೂ ಕಳೆದುಕೊಂಡರೂ ಬಿಡದವನು, ಎರಡೂವರೆ ಡಾಲರಿಗೆ ಬಿಟ್ಟಾನೆ? ಒಗಟಿನ ಕೀಲಿ ಹಣದ ಮೊತ್ತದಲ್ಲಿಲ್ಲ, ಕಾಲದಲ್ಲಿದೆ. ವ್ಯಸನಿಗೆ ಭವಿಷ್ಯ ಬಹು ಬೇಗ ಮಬ್ಬಾಗುತ್ತದೆಂಬುದನ್ನು ಅದೇ ವರ್ಮಾಂಟಿನಲ್ಲಿ ವಾರನ್ ಬಿಕಲ್ ಮತ್ತು ಅವನ ಜೊತೆಗಾರರು ಅಳೆದು ತೋರಿಸಿದರು: ಮುಂದೆಂದೋ ಬರುವ ಸಾವಿರ ಡಾಲರನ್ನು ಬಿಟ್ಟು ಇಂದೇ ದೊರೆಯುವ ಸಣ್ಣ ಮೊತ್ತವನ್ನು ಆರಿಸಿಕೊಳ್ಳುವ ಆತುರ ಹೆರಾಯಿನ್ ವ್ಯಸನಿಗಳಲ್ಲಿ ಇತರರಿಗಿಂತ ಎಷ್ಟೋ ಹೆಚ್ಚು. ಲಿವರ್ ಕೆಡುವುದು ಹತ್ತು ವರ್ಷಕ್ಕೆ, ಮಗಳ ಮದುವೆ ಐದು ವರ್ಷಕ್ಕೆ, ಅಮಲು ಐದು ನಿಮಿಷಕ್ಕೆ. ಈ ಅಸಮಾನ ಸ್ಪರ್ಧೆಯಲ್ಲಿ ಎದುರಾಳಿಯಷ್ಟೇ ಬೇಗ ಓಡಿಬರುವ ಒಂದು ಸಣ್ಣ ಸುಖವನ್ನು ಹಿಗಿನ್ಸ್ ಕಣಕ್ಕಿಳಿಸಿದ. ಹಣ ಸಾಲದ ಚಿಕಿತ್ಸಾಲಯಗಳಿಗಾಗಿ ಕನೆಕ್ಟಿಕಟ್ಟಿನ ನ್ಯಾನ್ಸಿ ಪೆಟ್ರಿ ಇದನ್ನೇ ಲಾಟರಿಯಾಗಿ ಮಾರ್ಪಡಿಸಿದಳು. ಗಾಜಿನ ಪಾತ್ರೆಯಲ್ಲಿ 500 ಚೀಟಿ. ಶುದ್ಧನಾಗಿ ಬಂದವನು ಕೈಹಾಕಿ ಎತ್ತಬಹುದು. ಅರ್ಧದಷ್ಟರಲ್ಲಿ ಬರಿಯ ಶಾಭಾಸ್ ಎಂಬ ಮಾತು, ಉಳಿದವುಗಳಲ್ಲಿ ಹೆಚ್ಚಿನವಕ್ಕೆ ಒಂದು ಡಾಲರಿನ ಬೆಲೆಯ ವಸ್ತು, ಒಂದೇ ಒಂದರಲ್ಲಿ ನೂರು ಡಾಲರಿನ ಬಹುಮಾನ.

ಇದು ಲಂಚವಲ್ಲವೆ, ತಪ್ಪು ಮಾಡದಿರುವುದಕ್ಕೆ ಸಂಬಳವೆ, ಎಂದು ಸಭ್ಯರು ಕೇಳುತ್ತಾರೆ. ಅಮೆರಿಕದಲ್ಲಿ ಇದು ವಿಸ್ತಾರವಾಗಿ ಹರಡದಿರುವುದಕ್ಕೆ ಈ ಸಂಕೋಚವೂ, ರೋಗಿಗಳಿಗೆ ಉಡುಗೊರೆ ಕೊಡುವುದನ್ನು ನಿರ್ಬಂಧಿಸುವ ಕಾನೂನುಗಳೂ ಕಾರಣ. ಕ್ಯಾಲಿಫೋರ್ನಿಯ ಸಂಸ್ಥಾನವು 2023ರಲ್ಲಿ ಬಡವರ ಆರೋಗ್ಯವಿಮೆಯ ಮೂಲಕ ವರ್ಷಕ್ಕೆ 599 ಡಾಲರಿನವರೆಗೆ ಇಂಥ ಉತ್ತೇಜನವನ್ನು ಆರಂಭಿಸಿತು. ನ್ಯಾಯವಾದ ಆಕ್ಷೇಪಣೆ ಬೇರೆಯೇ ಇದೆ: ಚೀಟಿ ನಿಂತ ಮೇಲೆ ಅದರ ಪ್ರಭಾವವೂ ಮೆಲ್ಲನೆ ಕರಗುತ್ತದೆ. ಕರಗಿದರೂ ಆ ಮೂರು ತಿಂಗಳು ನಿಜವಾಗಿಯೂ ದಕ್ಕಿದ ಮೂರು ತಿಂಗಳು. ಆ ಅವಧಿಯಲ್ಲಿ ಮನುಷ್ಯನಿಗೆ ನಿದ್ದೆ ಮರಳಿರುತ್ತದೆ, ಕೆಲಸ ಸಿಕ್ಕಿರಬಹುದು, ಮನೆಯವರು ಮಾತನಾಡಿಸತೊಡಗಿರಬಹುದು.

ಧ್ಯಾನಮಾರ್ಗದ ಪ್ರಸ್ತಾಪವನ್ನು ಭಾರತೀಯ ಓದುಗರು ನಿರೀಕ್ಷಿಸುತ್ತಿರಬಹುದು. ಈ ಮಾರ್ಗವನ್ನು ಹಿಡಿದ ಸಿಯಾಟಲಿನ ಅಲನ್ ಮಾರ್ಲಟ್ ಎಂಬ ಮನಶ್ಶಾಸ್ತ್ರಜ್ಞನ ಕಥೆಯಲ್ಲಿ ಒಂದು ಕುಚೇಷ್ಟೆಯಂಥ ಪ್ರಯೋಗ ಬರುತ್ತದೆ. ಕುಡಿತದ ಚಟವುಳ್ಳವರನ್ನು ಕರೆದು, ಪಾನೀಯಗಳ ರುಚಿನೋಡಿ ಅಭಿಪ್ರಾಯ ಹೇಳಿರೆಂದು ಅವನು ಕೂರಿಸಿದ. ಕೆಲವರಿಗೆ ವೋಡ್ಕಾ ಎಂದು ಹೇಳಿ ಬರಿಯ ಟಾನಿಕ್ ನೀರನ್ನೂ, ಕೆಲವರಿಗೆ ಬರಿಯ ಟಾನಿಕ್ ಎಂದು ಹೇಳಿ ವೋಡ್ಕಾ ಬೆರೆತದ್ದನ್ನೂ ಇಟ್ಟ. ಒಂದು ಗುಟುಕು ಒಳಗೆ ಹೋದರೆ ಕುಡುಕನಿಗೆ ತಡೆಯೇ ಇಲ್ಲವೆಂಬುದು ಎಲ್ಲರ ನಂಬಿಕೆ. ಆದರೆ 1973ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಹೆಚ್ಚು ಕುಡಿದವರು ವೋಡ್ಕಾ ಪಡೆದವರಲ್ಲ, ವೋಡ್ಕಾ ಎಂದು ನಂಬಿದವರು. 'ಒಮ್ಮೆ ಮುಟ್ಟಿದೆ, ಇನ್ನು ಕೆಟ್ಟೆ' ಎಂಬ ಭಾವನೆಯೇ ಒಂದು ಗುಟುಕನ್ನು ಒಂದು ಬಾಟಲಿಯಾಗಿಸುತ್ತದೆಂದು ಮಾರ್ಲಟ್ ತರ್ಕಿಸಿ, ಹಂಬಲವನ್ನು ಹತ್ತಿಕ್ಕದೆಯೂ ಅದಕ್ಕೆ ಮಣಿಯದೆಯೂ, ಅದು ಏರಿ ತುದಿಮುಟ್ಟಿ ಇಳಿಯುವುದನ್ನು ಗಮನಿಸುತ್ತ ಕೂರುವುದನ್ನು ಕಲಿಸತೊಡಗಿದ. ಸತ್ಯನಾರಾಯಣ ಗೋಯೆಂಕಾ ಅವರ ಸಂಪ್ರದಾಯದ ಹತ್ತು ದಿನದ ವಿಪಶ್ಯನ ಶಿಬಿರವನ್ನು ಸಿಯಾಟಲಿನ ಒಂದು ಸೆರೆಮನೆಯಲ್ಲಿ ನಡೆಸಿದಾಗ, ಬಿಡುಗಡೆಯಾದ ಮೂರು ತಿಂಗಳ ಮೇಲೆ ಶಿಬಿರ ಮಾಡಿದವರ ಕುಡಿತ ಕೊಕೇನ್‌ಗಳು ಇತರ ಕೈದಿಗಳಿಗಿಂತ ಕಡಿಮೆಯಾಗಿದ್ದುವೆಂದು ಅವನ ತಂಡ 2006ರಲ್ಲಿ ವರದಿಮಾಡಿತು. ಶಿಬಿರವನ್ನು ಸ್ವ ಇಚ್ಛೆಯಿಂದ ಆರಿಸಿಕೊಂಡವರೇ ಅಲ್ಲಿದ್ದದ್ದರಿಂದ ಈ ವರದಿಯನ್ನು ಹಿಡಿದು ನಾವು ಬೀಗುವುದು ತರವಲ್ಲ.

ಕಡೆಯದಾಗಿ ಮಾತು. ಮಾತೆಂದರೆ ಉಪದೇಶವೆಂದೇ ನಾವು ತಿಳಿದಿರುವುದರಿಂದ ಈ ದಾರಿ ಬಹುಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ವಿಲಿಯಂ ಮಿಲ್ಲರ್ ನಾರ್ವೆ ದೇಶದ ಬರ್ಗನ್ ಬಳಿಯ ಒಂದು ಚಿಕಿತ್ಸಾಲಯದಲ್ಲಿ ಕೆಲವು ತಿಂಗಳು ತಂಗಿದ್ದಾಗ, ಅಲ್ಲಿನ ತರುಣ ಮನಶ್ಶಾಸ್ತ್ರಜ್ಞರು ತಾವೇ ರೋಗಿಗಳ ಪಾತ್ರ ವಹಿಸಿ, ಅವನು ಒಂದೊಂದು ಮಾತು ಆಡಿದಾಗಲೂ ತಡೆದು, 'ಈ ಪ್ರಶ್ನೆಯನ್ನೇ ಏಕೆ ಕೇಳಿದಿರಿ? ರೋಗಿ ಹೇಳಿದ ನಾಲ್ಕು ಸಂಗತಿಗಳಲ್ಲಿ ಇದನ್ನೇ ಏಕೆ ಎತ್ತಿಕೊಂಡಿರಿ?' ಎಂದು ಪೀಡಿಸಿದರು. ಆ ಪೀಡನೆಯಿಂದ ತನಗೇ ಅರಿವಿಲ್ಲದ ತನ್ನ ನಿಯಮಗಳನ್ನು ಮಿಲ್ಲರ್ ಬರೆದಿಡಬೇಕಾಯಿತು. 1983ರಲ್ಲಿ ಅದು ಪ್ರಬಂಧವಾಯಿತು, 1991ರಲ್ಲಿ ಸ್ಟೀಫನ್ ರೋಲ್ನಿಕ್‌ನ ಸಹಯೋಗದಲ್ಲಿ ಗ್ರಂಥವಾಯಿತು. ನಿಯಮ ಸರಳವಾದದ್ದು: ಬಿಡಬೇಕೆನ್ನುವ ವಾದವನ್ನು ವೈದ್ಯನು ಮಾಡಿದರೆ ಬಿಡಬಾರದೆನ್ನುವ ವಾದವನ್ನು ರೋಗಿಯೇ ಮಾಡುತ್ತಾನೆ, ಆದುದರಿಂದ ಬಿಡಬೇಕೆನ್ನುವ ವಾದ ರೋಗಿಯ ಬಾಯಿಂದಲೇ ಹೊರಡುವಂತೆ ಕೇಳಬೇಕು.

'ಕುಡಿತ ಬಿಡುವುದು ನಿಮಗೆ ಎಷ್ಟು ಮುಖ್ಯವೆನಿಸುತ್ತದೆ? ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಹೇಳಿ.'

'ಒಂದು ನಾಲ್ಕು ಅಂತ ಇಟ್ಟುಕೊಳ್ಳಿ, ಸ್ವಾಮಿ.'

ಇಲ್ಲಿ ನಮ್ಮ ನಾಲಗೆ ತುರಿಸುವುದು 'ನಾಲ್ಕೇ ಏಕೆ, ಹತ್ತೇಕಲ್ಲ?' ಎಂದು ಕೇಳುವುದಕ್ಕೆ. ಹಾಗೆ ಕೇಳಿದರೆ ಅವನು ತನ್ನ ಮೈಕೈನೋವು, ಗೆಳೆಯರ ಬಲವಂತ, ಬಾರದ ನಿದ್ದೆ ಇವನ್ನು ಒಂದೊಂದಾಗಿ ಎಣಿಸಿ ತನ್ನ ಕುಡಿತಕ್ಕೆ ತಾನೇ ವಕೀಲನಾಗುತ್ತಾನೆ. ಬಲ್ಲವನು ಕೇಳುವುದು ಹೀಗೆ:

'ಸೊನ್ನೆ ಅನ್ನಲಿಲ್ಲ, ನಾಲ್ಕು ಅಂದಿರಿ. ಏಕೆ?'

'ಸೊನ್ನೆ ಹೇಗೆ ಅನ್ನಲಿ? ಮೊನ್ನೆ ಹಬ್ಬದ ದಿನ ಮಗಳು ನನ್ನ ಜೊತೆ ಮಾತು ಬಿಟ್ಟಳು.'

ಇನ್ನು ಮುಂದೆ ಕೇಳುವವನು ಸುಮ್ಮನಿದ್ದರೂ ಸಾಕು. ಇದಕ್ಕೆ ವಿರುದ್ಧವಾದ ರೀತಿಯ ಫಲವನ್ನೂ ಮಿಲ್ಲರ್ ಅಳೆದಿದ್ದಾನೆ. ಅವನ ತಂಡ 1993ರಲ್ಲಿ ಪ್ರಕಟಿಸಿದಂತೆ, ಸಮಾಲೋಚಕನು ಎದುರು ವಾದಿಸಿ ಆಕ್ಷೇಪಿಸಿದಷ್ಟೂ ಆ ರೋಗಿ ಒಂದು ವರ್ಷದ ಮೇಲೆ ಹೆಚ್ಚು ಕುಡಿಯುತ್ತಿದ್ದ. ನಮ್ಮ ಮನೆಗಳಲ್ಲಿ ರಾತ್ರಿ ಹತ್ತರ ಮೇಲೆ ಕೇಳಿಬರುವ ಸಮಾಲೋಚನೆ ಯಾವ ವರ್ಗಕ್ಕೆ ಸೇರಿದ್ದೆಂದು ಓದುಗರು ಬಲ್ಲರು.

ಇಂಥ ಮಾತನ್ನು ಆಡುವುದಕ್ಕೆ ಮನೋವೈದ್ಯರೇ ಬೇಕೆಂದರೆ ನಮ್ಮ ದೇಶದಲ್ಲಿ ಅದು ಆಗುವ ಹೋಗುವ ಮಾತಲ್ಲ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಯಾವುದಾದರೊಂದು ಚಿಕಿತ್ಸೆಯನ್ನು ಪಡೆದವನು ಒಬ್ಬ. ನಮ್ಮ ನೆರೆಯ ಗೋವೆಯಲ್ಲಿ ಸಂಗಾತ್ ಎಂಬ ಸಂಸ್ಥೆಯ ಅಭಿಜಿತ್ ನಾಡಕರ್ಣಿ, ವಿಕ್ರಮ್ ಪಟೇಲ್ ಮೊದಲಾದವರು ಇದಕ್ಕೆ ಹೂಡಿದ ಪ್ರಯೋಗ ಈ ಅಧ್ಯಾಯದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚಿಗೆಯಾದದ್ದು. ಮನೋವೈದ್ಯದ ಪೂರ್ವಶಿಕ್ಷಣವಿಲ್ಲದ ಸಾಮಾನ್ಯ ಜನರಿಗೆ ತರಬೇತು ಕೊಟ್ಟು, ಅವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೂರಿಸಿದರು. ಜ್ವರಕ್ಕೋ ಹೊಟ್ಟೆಯುರಿಗೋ ಮದ್ದು ಕೇಳಿ ಬಂದ ಗಂಡಸರಿಗೆ ಕುಡಿತದ ವಿಷಯವಾದ ಹತ್ತು ಪ್ರಶ್ನೆಗಳ ಒಂದು ಪಟ್ಟಿಯನ್ನು ಕೇಳುವುದು. ಅಂಕ 12ರಿಂದ 19ರೊಳಗೆ ಬಂದವರನ್ನು, ಅಂದರೆ ಕುಡಿತ ಕೆಡುಕಾಗಿದ್ದರೂ ಇನ್ನೂ ಪೂರಾ ದಾಸರಾಗದವರನ್ನು, ಆರಿಸಿಕೊಳ್ಳುವುದು. ಅವರೊಡನೆ ಹೆಚ್ಚೆಂದರೆ ನಾಲ್ಕು ಬಾರಿ, ಪ್ರತಿ ಬಾರಿಯೂ ಅರ್ಧ ಮುಕ್ಕಾಲು ಗಂಟೆ, ಬರ್ಗನ್ನಿನಲ್ಲಿ ಹುಟ್ಟಿದ ರೀತಿಯಲ್ಲಿ ಮಾತನಾಡುವುದು. ಕುಡಿತದಿಂದ ಅವನಿಗೇ ಆಗಿರುವ ನಷ್ಟದ ಲೆಕ್ಕವನ್ನು ಅವನೆದುರು ಇಟ್ಟು, ಸಂಜೆ ಗೆಳೆಯರು ಕರೆದಾಗ ಏನು ಹೇಳಿ ತಪ್ಪಿಸಿಕೊಳ್ಳಬೇಕು, ಹಂಬಲ ಎದ್ದಾಗ ಆ ಗಳಿಗೆಯನ್ನು ಹೇಗೆ ಕಳೆಯಬೇಕು ಎಂಬುದನ್ನು ಅವನ ಬಾಯಿಂದಲೇ ಹೇಳಿಸಿ ಅಭ್ಯಾಸಮಾಡಿಸುವುದು. ಮೂರು ತಿಂಗಳ ಮೇಲೆ ವಿಚಾರಿಸಿದಾಗ, ಹಿಂದಿನ ಹದಿನಾಲ್ಕು ದಿನ ಒಂದು ಹನಿಯನ್ನೂ ಮುಟ್ಟದೆ ಇದ್ದವರು ಈ ಗುಂಪಿನಲ್ಲಿ ನೂರಕ್ಕೆ 42, ವೈದ್ಯರ ಸಾಮಾನ್ಯ ಆರೈಕೆ ಮಾತ್ರ ಪಡೆದವರಲ್ಲಿ ನೂರಕ್ಕೆ 18. 2017ರಲ್ಲಿ ಇದೂ ಲ್ಯಾನ್ಸೆಟ್ ಪತ್ರಿಕೆಯಲ್ಲಿಯೇ ಪ್ರಕಟವಾಯಿತು. ಒಂದು ವರ್ಷ ಕಳೆದು ಮತ್ತೆ ಕೇಳಿದಾಗಲೂ ಅಂತರ ಉಳಿದಿತ್ತು. ಇವರಲ್ಲಿ ಯಾರೂ ಕುಡಿತ ಬಿಡಬೇಕೆಂದು ಹೊರಟು ಆ ಆರೋಗ್ಯ ಕೇಂದ್ರದ ಬಾಗಿಲಿಗೆ ಬಂದವರಲ್ಲ.